ಖಾಲಿ ಗಾಡಿ ಏರು ಹತ್ತುತ್ತದೆ

ಕಲ್ಯಾಣಿಯ ಗೇಟಿನೊಳಕ್ಕೆ ಬರಬೇಕಾದರೆ ಮೊದಲು ಚಪ್ಪಲಿ ಹೊರಗೆ ಬಿಡಬೇಕು, ನಲ್ಲಿಯ ಕೆಳಗೆ ಕಾಲು ತೊಳೆಯಬೇಕು, ಆಮೇಲೆ ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ ಹರಡಿದ ಮಾರುದ್ದದ ಬಿಳಿ ಪಟ್ಟಿಯನ್ನು ತುಳಿದುಕೊಂಡೇ ದಾಟಬೇಕು. ಸಾದಲಿಯಿಂದ ಎರಡು ಮೈಲಿ ಆಚೆ, ರಸ್ತೆಗೆ ಮುಖ ಮಾಡಿ ನಿಂತ ಆ ಮನೆಗೆ ಇತ್ತೀಚೆಗೆ ಹಾಗೆ ಕಾಲು ತೊಳೆದು ಬರುವವರೇ ಇರಲಿಲ್ಲ. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಕಂಬಿಗೆ ಸಿಕ್ಕಿಸಿ ಹೋಗುತ್ತಿದ್ದ. ಕರೆಂಟಿನವನು ಬಗ್ಗಿ ಬಗ್ಗಿ ಕಾಲು ತೊಳೆದು ಸಾಕಾಗಿ, ಮೀಟರನ್ನೇ ಹೊರಗಿನ ಕಂಬಕ್ಕೆ ಹಾಕಿಸಿದ್ದ.

ಅವಳ ಕಸುಬು ಅಂಥದು. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡನೇ ಜ್ವರದವರೆಗೂ ಸಾಕಿ ರೈತರ ಮನೆಗೆ ಮುಟ್ಟಿಸುವುದು. ಜ್ವರ ಅಂದರೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಹಳೇ ಚರ್ಮ ಕಳಚುವ ಹೊತ್ತು. ಆ ವಯಸ್ಸಿನ ಹುಳಕ್ಕೆ ಚಾಕಿ ಅನ್ನುತ್ತಾರೆ. ಹಸುಗೂಸಿಗಿಂತ ಸೂಕ್ಷ್ಮ. ಗಂಡ ಮಧುಸೂದನ ಇದ್ದಾಗ ಇಬ್ಬರೂ ಸೇರಿ ಹಾಕಿದ ಚಾಕಿ ಮನೆ ಅದು. ಅವನು ಎದೆನೋವು ಅಂತ ಮಲಗಿದವನು ಮತ್ತೆ ಏಳದೆ ಹೋಗಿ ಐದು ವರ್ಷವಾಗಿತ್ತು.

ಮಾರ್ಚ್ ಕೊನೆಯ ಒಂದು ಸೋಮವಾರ, ಊಟದ ಹೊತ್ತು ಕಳೆದ ಮೇಲೆ, ಶಿಡ್ಲಘಟ್ಟದ ಮೆಕ್ಯಾನಿಕ್ ಭಾನುಪ್ರಕಾಶ ಆ ಗೇಟಿನ ಮುಂದೆ ಬೈಕು ನಿಲ್ಲಿಸಿದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಲ್ಲಿ, ಸುಣ್ಣ ಎರಡನ್ನೂ ನೋಡಿ ಏನೂ ಅನ್ನದೆ ಕಾಲು ತೊಳೆದುಕೊಂಡು ಒಳಗೆ ಬಂದ. ಅಷ್ಟಕ್ಕೇ ಕಲ್ಯಾಣಿಗೆ ಅವನ ಮೇಲೆ ಒಂಥರಾ ಗೌರವ ಹುಟ್ಟಿತು.

"ಏನಾಗತ್ತಮ್ಮ ಗಾಡಿಗೆ?"

"ಒಬ್ಳೇ ಹೋದ್ರೆ ಕುದುರೆ ಭಾನಣ್ಣ. ಟ್ರೇ ತುಂಬಿದ್ರೆ ಕತ್ತೆ."

"ಎಲ್ಲಿ, ಯಾವ ಗೇರಲ್ಲಿ?"

"ಕೆಂಚಾರ್ಲಹಳ್ಳಿ ಕಡೆ ಹೋಗ್ತಾ ಬಂಡೆ ಏರು ಸಿಗತ್ತಲ್ಲ, ಅಲ್ಲಿ. ಮೂರರಲ್ಲಿ. ಅರ್ಧ ಏರಿಗೆ ಬರ್ತಿದ್ದಂಗೆ ಉಸಿರು ಕಟ್ಟಿದಂಗೆ ಮಾಡತ್ತೆ. ಕಾಲು ಒತ್ತಿದಷ್ಟೂ ಹೊಗೆ ಬರತ್ತೆ, ಗಾಡಿ ಬರಲ್ಲ."

"ಹೊಗೆ ಕಪ್ಪೋ ಬಿಳಿಯೋ?"

"ಕಪ್ಪು."

ಏಳು ಜನ ಕೂರುವ ಡೀಸೆಲ್ ಗಾಡಿ, ಟರ್ಬೊ ಇಂಜಿನ್. ಎರಡು ವರ್ಷದ ಕೆಳಗೆ ಹಳೆಯದನ್ನೇ ಕೊಂಡು, ಹಿಂದಿನ ಸೀಟು ಮಡಿಸಿ ಟ್ರೇಗಳಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದಳು. ಈ ಕಾಯಿಲೆಗೆ ಆಗಲೇ ಇಬ್ಬರ ಕೈ ಬಿದ್ದಿತ್ತು. ಒಬ್ಬ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಎರಡನ್ನೂ ಬದಲಾಯಿಸಿದ್ದ. ಇನ್ನೊಬ್ಬ ಬಾನೆಟ್ ತೆಗೆಯುವ ಮೊದಲೇ ಟರ್ಬೊ ಹೋಗಿದೆ, ಹೊಸದು ಹಾಕಿಸಿ ಅಂದಿದ್ದ. ಹಾಕಿಸುವ ಶಕ್ತಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ನಾಳೆ ಬೆಳಿಗ್ಗೆ ಕೆಂಚಾರ್ಲಹಳ್ಳಿಯ ಆವಲಪ್ಪನಿಗೂ ಅವನ ಮೂರು ಜನ ದಾಯಾದಿಗಳಿಗೂ ಸೇರಿ ಎಂಟುನೂರು ಮೊಟ್ಟೆಯ ಚಾಕಿ, ಅಂದರೆ ಲಕ್ಷಗಟ್ಟಲೆ ಹುಳ, ಮುಟ್ಟಬೇಕು. ಹೋದ ಸಲ ಏರಿನಲ್ಲಿ ಗಾಡಿ ನಿಂತೂ ನಿಂತೂ, ಬಿಸಿಲು ಏರಿ, ಹುಳ ಬಾಡಿದ ಸೊಪ್ಪಿನ ಹಾಗೆ ಹೋಗಿ ಇಳಿದಿದ್ದವು. ಆವಲಪ್ಪ ಕೂಗಾಡುವ ಜಾತಿಯಲ್ಲ. ಟ್ರೇ ಮುಟ್ಟಿ ನೋಡಿ, "ಇನ್ನೊಂದು ಸಲ ನೋಡಣಮ್ಮ. ಹಿಂಗೇ ಆದ್ರೆ ನಾವು ಚಿಂತಾಮಣಿ ಕಡೆಯಿಂದ ತರಿಸ್ಕೋತೀವಿ, ಬೇಜಾರ್ ಮಾಡ್ಕೋಬೇಡಿ," ಅಂದಿದ್ದ. ಹಳೇ ರೈತರಲ್ಲಿ ಉಳಿದಿದ್ದವನು ಅವನೇ. ಅವನು ಕೈಬಿಟ್ಟರೆ ಚಾಕಿ ಮನೆಗೆ ಬೀಗ. ಬಾಡಿಗೆ ಗಾಡಿ ಹಿಡಿಯೋಣ ಅಂದರೆ ಎಲ್ಲದರಲ್ಲೂ ಟೊಮೇಟೊ, ಎಲ್ಲದರಲ್ಲೂ ಔಷಧಿ ಡಬ್ಬ. ಆ ವಾಸನೆಯೇ ಹುಳಕ್ಕೆ ವಿಷ.

ಭಾನುಪ್ರಕಾಶ ಬಾನೆಟ್ ಎತ್ತಿ ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಒಂದೊಂದೇ ಪೈಪು ಹಿಡಿದು, ಆಡಿನ ಕೆಚ್ಚಲು ಹಿಂಡುವವನ ಹಾಗೆ ಹಿಂಡಿ ನೋಡಿದ. ಬಿರುಕಿಲ್ಲ, ಎಣ್ಣೆ ಜಿನುಗಿಲ್ಲ. ಟರ್ಬೊ ಬಾಯಿಯ ಪೈಪು ಬಿಚ್ಚಿ, ಒಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿದ. ನೀರ ಮೇಲೆ ತಿರುಗಿದ ಹಾಗೆ ತಿರುಗಿತು, ಅಲ್ಲಾಡಿಸಿದರೆ ಅಲ್ಲಾಡಲಿಲ್ಲ.

"ಟರ್ಬೊ ಹೋಗಿಲ್ಲ," ಅಂದ. "ಇದು ಕಮ್ಮಾರನ ತಿದಿ ಇದ್ದಂಗಮ್ಮ. ಹೊಗೆ ಆಚೆ ಹೋಗೋ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ಊದತ್ತೆ. ತಿದಿ ಚೆನ್ನಾಗೇ ಇದೆ."

ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದ. ಕಾಗದದ ಮಡಿಕೆಗಳು ಹೊಸ ಪಂಚೆಯಷ್ಟು ಬೆಳ್ಳಗಿದ್ದವು.

"ಇದು ಹಾಕಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಎರಡು ತಿಂಗಳು ಈ ರೋಡಲ್ಲಿ ಓಡಿ ಹಿಂಗಿದೆಯಾ?"

"ನಾನು ಎಲ್ಲ ನೀಟಾಗಿ ಇಟ್ಕೋತೀನಣ್ಣ," ಅಂದಳು ಕಲ್ಯಾಣಿ, ತುಸು ಹೆಮ್ಮೆಯಿಂದಲೇ.

ಅವನು ಅವಳ ಮುಖವನ್ನೊಮ್ಮೆ, ಫಿಲ್ಟರನ್ನೊಮ್ಮೆ ನೋಡಿ, ಅದನ್ನು ಅದರ ಜಾಗದಲ್ಲಿಟ್ಟ. ಒಬ್ಬನೇ ಗಾಡಿ ಹತ್ತಿ ಹೋದವನು ಅರ್ಧ ಗಂಟೆಗೆ ವಾಪಸು ಬಂದ.

"ಚೆನ್ನಾಗಿ ಹತ್ತಿತು. ಏನೂ ಕಾಣ್ಲಿಲ್ಲ."

ಕಲ್ಯಾಣಿ ಬಾಗಿಲ ಮೆಟ್ಟಿಲ ಮೇಲೆ ಕುಸಿದಂತೆ ಕೂತಳು. "ಎಲ್ಲಾರೂ ಇದೇ ಹೇಳಿದ್ದು. ಕೊನೆಗೆ ಹೆಂಗಸ್ರಿಗೆ ಏರಲ್ಲಿ ಗೇರ್ ಹಾಕೋಕೆ ಬರಲ್ಲ ಅಂದ್ಬುಟ್ರು."

"ಕಾಯಿಲೆ ಇಲ್ಲ ಅಂತ ನಾನನ್ಲಿಲ್ಲ ತಾಯಿ, ಕಾಣ್ಲಿಲ್ಲ ಅಂದೆ. ಖಾಲಿ ಗಾಡಿ ಯಾವ ಏರಾದ್ರೂ ಹತ್ತತ್ತೆ. ಭಾರ ಬಿದ್ದಾಗ ಕಾಣೋ ಕಾಯಿಲೆನ ಭಾರ ಹಾಕೇ ನೋಡ್ಬೇಕು. ಟ್ರೇ ತುಂಬಿ."

"ಹುಳ ಜ್ವರಕ್ಕೆ ಕೂತಿವೆ. ಈ ಬಿಸಿಲಲ್ಲಿ ಅಲ್ಲಾಡಿಸಂಗಿಲ್ಲ, ಬೆಳಗಿನ ತಂಪಲ್ಲಿ ಒಂದೇ ಸಲ ಸಾಗಿಸ್ಬೇಕು."

"ಮೂಟೆ?"

ಮೂಟೆ ಅನ್ನುವುದು ಮನೆಯಲ್ಲಿದ್ದದ್ದು ಸುಣ್ಣದ ಎರಡು ಚೀಲ ಮಾತ್ರ. ಭಾನುಪ್ರಕಾಶ ಸೊಂಟದ ಮೇಲೆ ಕೈಯಿಟ್ಟುಕೊಂಡು ರಸ್ತೆಯ ಆಚೆಗೆ ನೋಡಿದ. ಅಲ್ಲಿ ಅಕ್ಕಯಮ್ಮನ ಜಗುಲಿಯ ಮೇಲೆ ನಾಲ್ಕು ಜನ ಕೂತಿದ್ದು ಕಾಣುತ್ತಿತ್ತು.

"ಜನ ಆದ್ರೂ ಆದೀತು. ನಾಲ್ಕು ಜನ ಕೂತ್ರೆ ಸಾಕು. ನಿಮ್ಮೋರು ಯಾರನ್ನಾದ್ರೂ ಕರೀರಿ."

ಅವನಿಗೇನು ಗೊತ್ತು. ಕಲ್ಯಾಣಿ ಕೂತಲ್ಲೇ ಸೆರಗಿನ ತುದಿ ಸುತ್ತತೊಡಗಿದಳು.

ಆ ಜಗುಲಿಗೂ ಈ ಗೇಟಿಗೂ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ಎಂಟು ವರ್ಷ ಅಕ್ಕಯಮ್ಮ ಆ ಇಪ್ಪತ್ತು ಹೆಜ್ಜೆ ದಾಟಿ ಬಂದು ಸೊಪ್ಪು ಹೆಚ್ಚಿದ್ದಳು. ಮಧುಸೂದನ ಹೋದ ಮೇಲೆ ಒಂದು ತಿಂಗಳು ಇಲ್ಲೇ ಮಲಗಿದ್ದಳು. ಎರಡು ವರ್ಷದ ಹಿಂದೆ ಒಂದು ಬ್ಯಾಚು ಪೂರ್ತಿ ಸಪ್ಪೆ ರೋಗ ತಗಲಿ ಹೋಯಿತು. ಹುಳ ಮೆತ್ತಗಾಗಿ, ಮುಟ್ಟಿದರೆ ಸಾಕು ನೀರಾಗುತ್ತಿದ್ದವು. ರೈತರು ಬಂದು ಅಂಗಳದಲ್ಲಿ ನಿಂತಿದ್ದರು. ಅವರೆಲ್ಲರ ಎದುರಿಗೆ ಕಲ್ಯಾಣಿ ಅಕ್ಕಯಮ್ಮನ ಕಡೆ ಕೈ ತೋರಿಸಿ, "ಇವಳೇ. ದನದ ಕೊಟ್ಟಿಗೆಯಿಂದ ಸೀದಾ ಬಂದು ಹಂಗೇ ಒಳಗೆ ನುಗ್ತಾಳೆ, ಕಾಲು ತೊಳಿ ಅಂದ್ರೆ ತೊಳಿಯಲ್ಲ," ಅಂದುಬಿಟ್ಟಿದ್ದಳು. ಅಕ್ಕಯಮ್ಮ ಕೈಯಲ್ಲಿದ್ದ ಸೊಪ್ಪಿನ ಕತ್ತಿಯನ್ನು ನೆಲದ ಮೇಲಿಟ್ಟು ಎದ್ದುಹೋದಳು. ವಾರದ ಮೇಲೆ ಇಲಾಖೆಯವರು ಹುಳ ಪರೀಕ್ಷೆ ಮಾಡಿ, ಬೆಳಗಿನ ಹಿಮ ಆರದ ಒದ್ದೆ ಸೊಪ್ಪು ಕೊಯ್ದು ರಾಶಿ ಹಾಕಿದ್ದೀರಿ, ಅದು ಬೆಂದು ಹುಳಿಯಾಗಿದೆ ಅಂದರು. ಬೇಗ ಮುಗಿಯಲಿ ಅಂತ ಹಿಮದಲ್ಲೇ ಸೊಪ್ಪು ಕೊಯ್ದವಳು ಕಲ್ಯಾಣಿಯೇ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ನಲ್ಲಿ ಹಾಕಿಸಿದಳು, ಸುಣ್ಣ ಹರಡಿದಳು, ಕಿಟಕಿ ಬಾಗಿಲಿಗೆಲ್ಲ ಬಲೆ ಹೊಡೆಸಿದಳು.

"ಹೊತ್ತಾಗತ್ತಮ್ಮ," ಅಂದ ಭಾನುಪ್ರಕಾಶ.

ಅವಳು ಎದ್ದು ರಸ್ತೆ ದಾಟಿದಳು. ಜಗುಲಿಯಲ್ಲಿ ಅಕ್ಕಯಮ್ಮ, ಪಕ್ಕದ ಮನೆಯ ಆಂಜಿನಮ್ಮ, ಅವಳ ಸೊಸೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಿವೃತ್ತ ಮೇಷ್ಟ್ರು ಚೆನ್ನರಾಯಪ್ಪನವರು ಕಂಬಕ್ಕೊರಗಿ, ಕೆಲಸ ಮಾಡದೆ ಮಾತು ಮಾತ್ರ ಆಡುತ್ತಾ ಕೂತಿದ್ದರು. ಕಲ್ಯಾಣಿ ಬಂದು ನಿಂತದ್ದು ಕಂಡು ಮಾತು ನಿಂತಿತು.

"ಅಕ್ಕಾ," ಅಂದಳು. ಆ ಮಾತು ಬಾಯಿಗೆ ಬಂದು ಎರಡು ವರ್ಷವಾಗಿತ್ತು. "ಒಂದು ಉಪಕಾರ ಆಗಬೇಕಿತ್ತು. ಗಾಡಿ ಪರೀಕ್ಷೆ ಮಾಡ್ಬೇಕಂತೆ. ಸುಮ್ನೆ ಕೂರೋಕೆ ಜನ ಬೇಕು. ಬಂಡೆ ಏರಿನವರೆಗೆ."

ಆಂಜಿನಮ್ಮನೇ ಮೊದಲು ಬಾಯಿಬಿಟ್ಟಳು. "ಏಮಮ್ಮಾ ಇದಿ, ಏನಮ್ಮಾ ಇದು! ಕೂರೋಕೆ ಮುಂಚೆ ಸ್ನಾನ ಮಾಡ್ಕೊಂಡು ಬರ್ಬೇಕೋ, ಬರೀ ಕಾಲು ತೊಳೆದ್ರೆ ಸಾಕೋ?"

"ಹಂಗೇ ಬನ್ನಿ," ಅಂದಳು ಕಲ್ಯಾಣಿ, ತಲೆ ತಗ್ಗಿಸಿ.

"ನನ್ನ ಕರೆದದ್ದು ಭಾರಕ್ಕೋ ಬುದ್ಧಿಗೋ?" ಮೇಷ್ಟ್ರು ಹೊಟ್ಟೆ ಸವರಿಕೊಂಡರು.

"ಬುದ್ಧಿ ತೂಕಕ್ಕೆ ಗಾಡಿ ಜಗ್ಗಲ್ಲ ಮೇಷ್ಟ್ರೇ, ಹೊಟ್ಟೆ ಎತ್ಕೊಂಡು ಏಳಿ," ಅಂದಳು ಆಂಜಿನಮ್ಮ.

ಅಕ್ಕಯಮ್ಮ ನಗಲಿಲ್ಲ. ಕೈಗೆ ಅಂಟಿದ ಹುಣಸೆಯನ್ನು ತಂಬಿಗೆ ನೀರಲ್ಲಿ ತೊಳೆದುಕೊಂಡಳು. ಆಮೇಲೆ, ಯಾರೂ ಹೇಳದಿದ್ದರೂ, ಅದೇ ತಂಬಿಗೆಯಿಂದ ಕಾಲಿಗೂ ನೀರು ಹೊಯ್ದುಕೊಂಡಳು. ಎಡಗಾಲು, ಬಲಗಾಲು, ಬೆರಳ ಸಂದಿಯೂ. ಕಲ್ಯಾಣಿಗೆ ನೋಡಲಾಗಲಿಲ್ಲ, ರಸ್ತೆಯ ಕಡೆ ತಿರುಗಿಕೊಂಡಳು.

ಸ್ಟ್ಯಾಂಡ್ ಬಿಚ್ಚಿ ಸೀಟು ಹಾಕಿದರು. ಎಲ್ಲರೂ ಹತ್ತಿದರು. ಸುಣ್ಣದ ಎರಡು ಚೀಲ ಹಿಂದಕ್ಕೆ ಹೋದವು. ಭಾನುಪ್ರಕಾಶ ಸ್ಟೀರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಪಕ್ಕದಲ್ಲಿ ಕೂತ ಕಲ್ಯಾಣಿಯ ಕೈಗೆ ಸಣ್ಣ ಪರದೆಯ ಯಂತ್ರ ಕೊಟ್ಟ.

"ಮೇಲಿನ ಅಂಕಿ ಇಂಜಿನ್ ಕೇಳಿದ ಗಾಳಿ. ಕೆಳಗಿಂದು ಅದಕ್ಕೆ ಸಿಕ್ಕಿದ ಗಾಳಿ. ಎರಡನ್ನೂ ಜೋರಾಗಿ ಓದ್ತಾ ಬನ್ನಿ."

ಬಯಲಿನಲ್ಲಿ ಎರಡೂ ಅಂಕಿ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಹೋದವು. ಗಾಡಿಯೊಳಗೆ ಹುಣಸೆಯ ವಾಸನೆ, ಎಲೆಯಡಿಕೆಯ ವಾಸನೆ ತುಂಬಿತ್ತು. ಮೇಷ್ಟ್ರು ಕಿಟಕಿಗೆ ಹೊಡೆಸಿದ ಬಲೆಯಲ್ಲಿ ಬೆರಳು ತೂರಿಸಲು ನೋಡಿ, "ಇದೇನು ಕೋಳಿಗೂಡೇ?" ಅಂದರು. ಹಿಂದೆ ಮಾತು ಸಾಗಿತ್ತು, ಯಾರದೋ ಬೋರು, ಯಾರದೋ ಮದುವೆ. ಅದರಲ್ಲಿ ಅರ್ಧ ಸುದ್ದಿ ಕಲ್ಯಾಣಿಗೆ ಗೊತ್ತೇ ಇರಲಿಲ್ಲ. ಇದೇ ಊರಿನ ಸುದ್ದಿ.

ಬಂಡೆ ಏರು ಶುರುವಾಯಿತು.

"ಕೇಳಿದ್ದು ನೂರ ಎಪ್ಪತ್ತು, ಸಿಕ್ಕಿದ್ದು ನೂರ ಅರವತ್ತೈದು," ಓದಿದಳು. "ನೂರ ತೊಂಬತ್ತು, ನೂರ ಐವತ್ತು." ಇಂಜಿನ್ ಗೊಗ್ಗರಿಸಿತು. ಹಿಂದಿನ ಗಾಜಿನಲ್ಲಿ ಕಪ್ಪು ಹೊಗೆ ಮೇಲೆದ್ದಿತು. "ಕೇಳಿದ್ದು ಇನ್ನೂರ ಹತ್ತು, ಸಿಕ್ಕಿದ್ದು ನೂರ ಮೂವತ್ತು. ನೂರ ಇಪ್ಪತ್ತೈದು..."

"ಕೇಳಿದ್ದೆಲ್ಲ ಯಾರಿಗೆ ಸಿಕ್ಕೈತೆ ಬಿಡಮ್ಮ," ಅಂದಳು ಹಿಂದಿನಿಂದ ಅಕ್ಕಯಮ್ಮ. ಎಲ್ಲರೂ ನಕ್ಕರು. ಕಲ್ಯಾಣಿಗೂ ನಗು ಬಂತು, ಆದರೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಗಾಡಿ ತೆವಳುತ್ತಾ ನೆತ್ತಿ ಸೇರಿತು. ಭಾನುಪ್ರಕಾಶನ ಮುಖದಲ್ಲಿ ಮೊದಲ ಸಲ ಗೆಲುವು ಕಂಡಿತು. "ಸಿಕ್ತು ಕಣಮ್ಮ ಕಾಯಿಲೆ. ಗಾಳಿ ಸಾಲ್ತಿಲ್ಲ. ಊದೋ ತಿದಿ ಸರಿಯಾಗಿದೆ, ಪೈಪೆಲ್ಲೂ ಒಡೆದಿಲ್ಲ. ಅಂದ್ರೆ ತಿದಿಗೇ ಎಲ್ಲೋ ಉಸಿರು ಕಟ್ತಿದೆ." ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಗೆ ಮುಂದಿನಿಂದ ಗಾಳಿ ತರುವ ಪ್ಲಾಸ್ಟಿಕ್ ಕೊಳವೆಯನ್ನು ಡಬ್ಬಿಯಿಂದ ಬಿಡಿಸಿ ಪಕ್ಕಕ್ಕೆ ಸರಿಸಿದ. "ಇನ್ನೊಂದ್ಸಲ ಇಳಿದು ಹತ್ತಣ."

ಎರಡನೇ ಸಲ ಕಲ್ಯಾಣಿಗೆ ಓದಲು ಪುರಸೊತ್ತೇ ಸಿಗಲಿಲ್ಲ. ಕೇಳಿದ್ದು ಇನ್ನೂರ ಹತ್ತು, ಸಿಕ್ಕಿದ್ದು ಇನ್ನೂರ ಐದು. ಗಾಡಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಏರಿಗೆ ನುಗ್ಗಿತು. ಮೇಷ್ಟ್ರು ಮುಂದಿನ ಸೀಟನ್ನು ತಬ್ಬಿಕೊಂಡರು. ಆಂಜಿನಮ್ಮ "ಅಯ್ಯೋ ದೇವುಡಾ, ನಿಧಾನ ಕಣಪ್ಪಾ!" ಎಂದು ಕೂಗಿ, ಸೊಸೆಯ ತೋಳು ಹಿಡಿದು ನಗತೊಡಗಿದಳು.

ನೆತ್ತಿಯಲ್ಲಿ ಎಲ್ಲರೂ ಇಳಿದು ಸುತ್ತ ನಿಂತರು. ಭಾನುಪ್ರಕಾಶ ಆ ಕೊಳವೆಯ ಜಾಡು ಹಿಡಿದು, ಗ್ರಿಲ್ಲಿನ ಹಿಂದೆ ಅದರ ಬಾಯಿ ಇರುವ ಕಡೆ ಕೈ ತೂರಿಸಿದ. ಬೆರಳಿಗೆ ಏನೋ ತಗಲಿತು. ಒಂದು ದಾರ ಕಡಿದು, ನಿಧಾನವಾಗಿ ಆಚೆಗೆಳೆದ. ಎರಡು ಪದರ ನೈಲಾನ್ ಬಲೆ. ಸುಣ್ಣ, ಧೂಳು, ಇಬ್ಬನಿ ಸೇರಿ ಒಣಗಿ, ಹೆಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು.

"ಫಿಲ್ಟರ್ ಅಷ್ಟು ಬೆಳ್ಳಗಿದ್ದಾಗಲೇ ಅನುಮಾನ ಬಂದಿತ್ತು. ಧೂಳೆಲ್ಲ ಇಲ್ಲೇ ನಿಂತುಬಿಟ್ಟಿದೆ. ಮೆಲ್ಲಗೆ ಓಡೋವಾಗ ಸಂದೀಲಿ ಎಳ್ಕೊಳ್ಳೋ ಗಾಳಿ ಸಾಕಾಗತ್ತೆ. ಭಾರ ಬಿದ್ದು ಜೋರಾಗಿ ಎಳೆದಾಗ ಬಾಯಿಗೆ ಒದ್ದೆ ಬಟ್ಟೆ ಕಟ್ಟಿದಂಗೆ," ಅಂದ ಭಾನುಪ್ರಕಾಶ. "ಯಾವ ಮಹಾನುಭಾವ ಕಟ್ಟಿದ್ದಿದು?"

ಕಲ್ಯಾಣಿ ಆ ದಾರದ ಗಂಟನ್ನು ನೋಡಿದಳು. ಸೊಪ್ಪಿನ ಕಟ್ಟಿಗೆ ಹಾಕುವ ಎರಡು ಸುತ್ತಿನ ಗಂಟು. ಸಂಕ್ರಾಂತಿಗೆ ಮುಂಚೆ, ನಿಮ್ಮ ಗಾಡಿ ಜೊತೆ ಊಜಿ ನೊಣ ಬಂತು ಅಂತ ಆವಲಪ್ಪನ ಮನೆಯವರು ಒಂದು ಮಾತು ಅಂದಿದ್ದರು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ ಅದು. ಅವತ್ತೇ ಬಂದು ಗಾಡಿಯ ಕಿಟಕಿ, ಏಸಿ ಕಿಂಡಿ, ಮುಂದೆ ಕಂಡ ತೂತು, ಯಾವುದನ್ನೂ ಬಿಡದೆ ಬಲೆ ಕಟ್ಟಿದ್ದಳು. ಗೇಟಿನ ಸುಣ್ಣದ ಪಟ್ಟಿಯ ಮೇಲೆ ಗಾಡಿ ಹಾದಾಗಲೆಲ್ಲ ಎದ್ದ ಧೂಳನ್ನೂ ಆ ಬಲೆಯೇ ಕುಡಿದಿತ್ತು.

"ನಾನೇ," ಅಂದಳು.

ನಗು ಏಳಬಹುದು ಅಂದುಕೊಂಡಿದ್ದಳು. ಯಾರೂ ನಗಲಿಲ್ಲ. ಅಕ್ಕಯಮ್ಮ ಬಲೆಯನ್ನು ಕೈಗೆ ತೆಗೆದುಕೊಂಡು, ಮುರಿದು ನೋಡಿ, ಸುಣ್ಣದ ಪುಡಿಯನ್ನು ಸೆರಗಿಗೆ ತಾಕದಂತೆ ಕೊಡವಿದಳು. "ನೊಣ ಬರ್ಬಾರ್ದು ಅಂತ ಕಟ್ಟಿದ್ದು, ಪಾಪ," ಅಂದಳು ಮೆಲ್ಲಗೆ. ಆ ಪಾಪ ಯಾರಿಗೆ ಅಂತ ತಿಳಿಯಲಿಲ್ಲ.

ಗೇಟಿನ ಮುಂದೆ ಎಲ್ಲರೂ ಇಳಿದರು. ಭಾನುಪ್ರಕಾಶ ಕೊಳವೆ ಸರಿಯಾಗಿ ಕೂರಿಸಿ, "ಉಳಿದ ಬಲೆ ಏನಾದ್ರೂ ಮಾಡ್ಕೊಳ್ಳಿ, ಇದೊಂದ್ಕಡೆ ಮಾತ್ರ ಕಟ್ಬೇಡಿ," ಅಂತ ಹೇಳಿ ಬೈಕು ಹತ್ತಿದ. ಕಲ್ಯಾಣಿ "ಕಾಫಿ ಕುಡ್ಕೊಂಡು ಹೋಗಿ," ಅಂದಳು ಉಳಿದವರಿಗೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹುಳ ಜ್ವರಕ್ಕೆ ಕೂತಿವೆಯಂತಲ್ಲಮ್ಮ, ಬೇಡ ಬಿಡು," ಅಂದರು ಮೇಷ್ಟ್ರು. ಅವರು ಅಂದದ್ದು ಒಳ್ಳೆಯ ಮನಸ್ಸಿನಿಂದಲೇ. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಅಕ್ಕಯಮ್ಮ ರಸ್ತೆಯ ಮಧ್ಯ ನಿಂತು ತಿರುಗಿದಳು. "ಬೆಳಿಗ್ಗೆ ನಾನೂ ಬರ್ಲೇನೇ, ಟ್ರೇ ಇಳಿಸೋಕೆ?"

"ಬೇಡಕ್ಕ," ಅಂದುಬಿಟ್ಟಳು ಕಲ್ಯಾಣಿ. ಎರಡು ವರ್ಷ ಯಾರು ಬಂದರೂ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು, ಅವಳನ್ನು ಕೇಳದೆಯೇ ಬಂದುಬಿಟ್ಟಿತು. ಅಕ್ಕಯಮ್ಮ ತಲೆಯಾಡಿಸಿ ಹೋದಳು.

ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಸ್ಟ್ಯಾಂಡ್ ಮತ್ತೆ ಕೂರಿಸಿ, ಟ್ರೇಗಳನ್ನು ಒಬ್ಬಳೇ ಏರಿಸಿ, ಒದ್ದೆ ಗೋಣಿ ಹೊದಿಸಿ ಹೊರಟಳು. ಹುಳ ತಲೆ ಎತ್ತಿ ಮಂತ್ರಕ್ಕೆ ಕೂತವರ ಹಾಗೆ ಕೂತಿದ್ದವು. ಬಂಡೆ ಏರಿನ ಅರ್ಧದಲ್ಲಿ ಅಭ್ಯಾಸದಿಂದ ಅವಳ ಕೈ ಗೇರಿನ ಮೇಲೆ ಹೋಯಿತು. ಬೇಕಾಗಲಿಲ್ಲ. ಮೂರರಲ್ಲೇ ಗಾಡಿ ಸಲೀಸಾಗಿ ನೆತ್ತಿಗೆ ಬಂತು. "ಹತ್ತಿಬಿಡ್ತು!" ಅಂದಳು ಬಾಯಿಬಿಟ್ಟು. ಪಕ್ಕದ ಸೀಟಿನ ಮೇಲೆ ನೀರಿನ ಬಾಟಲಿ ಇತ್ತು, ಟಾರ್ಚ್ ಇತ್ತು. ನಿನ್ನೆಯ ಹುಣಸೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಆವಲಪ್ಪ ಟಾರ್ಚ್ ಹಿಡಿದು ಒಂದೊಂದು ಟ್ರೇಯನ್ನೂ ನೋಡಿದ. ಬೆರಳ ಹಿಂಭಾಗದಿಂದ ಹುಳದ ಹಾಸಿಗೆ ಮುಟ್ಟಿದ. "ತಂಪಾಗವೆ," ಅಂದ. "ಮುಂದಿನ ಬೆಳೆಗೂ ನಿಮ್ಮ ಹತ್ರಾನೇ ತಗೋತೀವಿ, ಬರ್ಕೊಳ್ಳಿ." ಟ್ರೇ ಇಳಿಸುವಾಗ ಸುತ್ತ ನೋಡಿ ಕೇಳಿದ: "ಯಾರೂ ಬರ್ಲಿಲ್ವಾ ಜೊತೇಲಿ? ಇಷ್ಟೂ ನೀವೊಬ್ರೇ ಏರಿಸಿದ್ರಾ?"

"ಹೂಂ," ಅಂದಳು.

ಹಿಂದಿರುಗುವಾಗ ಬಿಸಿಲು ಬಿದ್ದಿತ್ತು. ಗೇಟಿನ ಹತ್ತಿರ ತಿರುಗಿಸಬೇಕಾದ ಗಾಡಿಯನ್ನು ಅವಳು ಆ ಕಡೆ ಜಗುಲಿಯ ಪಕ್ಕಕ್ಕೆ ನಿಲ್ಲಿಸಿದಳು. ಅಕ್ಕಯಮ್ಮ ಅಂಗಳ ಗುಡಿಸುತ್ತಿದ್ದಳು.

"ಹತ್ತಿತೇನೇ?"

"ಹತ್ತಿತಕ್ಕ. ಮೂರರಲ್ಲೇ."

"ಒಳ್ಳೇದಾಯ್ತು ಬಿಡು."

ಕಲ್ಯಾಣಿ ಇಳಿಯಲಿಲ್ಲ, ಹೋಗಲೂ ಇಲ್ಲ. ಕಿಟಕಿಯ ಬಲೆಯ ಹಿಂದಿನಿಂದ ಅಕ್ಕಯಮ್ಮ ಮಸುಕು ಮಸುಕಾಗಿ ಕಾಣುತ್ತಿದ್ದಳು. ಬಲೆಯ ಒಂದು ಮೂಲೆ ಕಿತ್ತು ಸರಿಸಿದಳು.

"ಅಕ್ಕಾ. ಅವತ್ತು ಹುಳ ಸತ್ತಿದ್ದು ನಿನ್ನ ಕಾಲಿಂದಲ್ಲ. ಹಿಮದ ಸೊಪ್ಪು. ನಾನು ಕೊಯ್ದಿದ್ದು. ಇಲಾಖೆಯೋರು ಆಮೇಲೆ ಹೇಳಿದ್ರು."

ಪೊರಕೆ ಒಂದು ಗಳಿಗೆ ನಿಂತಿತು.

"ಗೊತ್ತಿತ್ತು ಕಣೇ," ಅಂದಳು ಅಕ್ಕಯಮ್ಮ. "ಸೊಪ್ಪು ಹೆಚ್ತಿದ್ದೋಳು ನಾನಲ್ವಾ? ಅವತ್ತು ಬೆಳಿಗ್ಗೆ ಕೈಯೆಲ್ಲ ಒದ್ದೆಯಾಗಿತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನದ ಮುಂದೆಯಾ?"

ಪೊರಕೆ ಮತ್ತೆ ಓಡತೊಡಗಿತು. ಕಲ್ಯಾಣಿ ಕಾದಳು. ಇನ್ನೂ ಏನಾದರೂ ಬರಬಹುದು, ಬೈಗುಳವಾದರೂ. ಅಕ್ಕಯಮ್ಮ ಬೆನ್ನು ಬಗ್ಗಿಸಿಕೊಂಡು, ಅಂಗಳದ ಆ ಕೊನೆಯವರೆಗೂ ಗುಡಿಸುತ್ತಾ ಹೋದಳು. ಕಸ ಗುಡ್ಡೆ ಮಾಡಿ ಒಳಗೆ ಹೋದಳು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ.

ಕಲ್ಯಾಣಿ ಗಾಡಿಯನ್ನು ಅಲ್ಲೇ ಬಿಟ್ಟು, ಇಪ್ಪತ್ತು ಹೆಜ್ಜೆ ನಡೆದು ತನ್ನ ಗೇಟಿಗೆ ಬಂದಳು. ಚಪ್ಪಲಿ ಬಿಟ್ಟಳು. ನಲ್ಲಿಯ ಕೆಳಗೆ ಕಾಲು ತೊಳೆದಳು, ಬೆರಳ ಸಂದಿಯನ್ನೂ. ಸುಣ್ಣದ ಪಟ್ಟಿಯ ಮೇಲೆ, ಗಾಡಿಯ ಚಕ್ರ ಹಾಯದ ಅಂಚಿನಲ್ಲಿ, ನಿನ್ನೆ ಬಂದ ಭಾನುಪ್ರಕಾಶನ ಹೆಜ್ಜೆ ಇನ್ನೂ ಅಳಿಸಿರಲಿಲ್ಲ. ಅದರ ಪಕ್ಕದಲ್ಲಿ ತನ್ನವು ನಾಲ್ಕು ಮೂಡಿದವು. ಚಾಕಿ ಮನೆಯ ಬಾಗಿಲು ತೆಗೆದು, ಖಾಲಿ ಸ್ಟ್ಯಾಂಡುಗಳ ನಡುವೆ ನಿಂತು, ಹೊರಗೆ ಯಾರಾದರೂ ನಲ್ಲಿ ತಿರುಗಿಸುವ ಸದ್ದಾಗುತ್ತದೆಯೋ ಎಂದು ಬಹಳ ಹೊತ್ತು ಕೇಳಿದಳು.